ಹೆಚ್ಚಾಗ್ಯದ

ನಮ್ಮ ಮನೆಯಲ್ಲಿ ಇವತ್ತಿನವರೆಗೆ ಯಾವ ಸಾಮಾನೂ ತೀರಿದ್ದಿಲ್ಲ. ಸಕ್ಕರೆ ಡಬ್ಬಿಯ ತಳಕ್ಕೆ ಚಮಚ ತಾಗಿ ಕಿರ್ ಅಂದರೂ ನಮ್ಮವ್ವ ಗುರಮ್ಮ, ‘ಸಕ್ರಿ ಹೆಚ್ಚಾಗ್ಯದ ನೋಡ್ರಿ’ ಎಂದೇ ಅಪ್ಪನಿಗೆ ಹೇಳುತ್ತಾಳೆ. ಎಣ್ಣೆ ಹೆಚ್ಚಾಗುತ್ತದೆ, ಜೋಳ ಹೆಚ್ಚಾಗುತ್ತದೆ, ಕೈಯೊಳಗಿನ ಬಳೆ ಒಡೆದರೆ ಅದೂ ಹೆಚ್ಚಾಯಿತು. ಇದ್ದದ್ದು ಇಲ್ಲವಾಯಿತು ಎಂದು ಬಾಯಿಬಿಟ್ಟು ಹೇಳಿದರೆ ಲಕ್ಷ್ಮಿ ಕೇಳಿಸಿಕೊಂಡು ಹೊರಟೇ ಹೋಗುತ್ತಾಳಂತೆ. ಆಳಂದದ ನಮ್ಮ ಓಣಿಯ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ತಲೆ ಕೆಡುವುದು ಹೊರಗಿನವರಿಗೆ. ಮೈಸೂರು ಕಡೆಯಿಂದ ಬಂದ ನಮ್ಮ ಚಿಕ್ಕಪ್ಪನ ಸೊಸೆ ಮೊದಲ ವಾರವೇ ‘ಉಪ್ಪು ಹೆಚ್ಚಾಗ್ಯದ ಬೇ’ ಎಂಬ ಮಾತು ಕೇಳಿ, ಗಾಬರಿಯಾಗಿ ಸಾರಿಗೆ ಎರಡು ಚೆಂಬು ನೀರು ಸುರಿದಿದ್ದಳು.

ಈ ಒಂದು ಮಾತಿನ ಮೇಲೆ ನಾನು ಪಿಎಚ್‌ಡಿ ಮಾಡಿದ್ದೇನೆ. ನಗಬೇಡಿ, ಇದಕ್ಕಿಂತ ಸಣ್ಣ ವಿಷಯಕ್ಕೂ ಡಾಕ್ಟರೇಟು ಕೊಟ್ಟಿದ್ದಾರೆ. ಅಶುಭವನ್ನು ಶುಭದ ಮಾತಿನಿಂದ ಮುಚ್ಚುವ ಪದ್ಧತಿ, ಮೂರು ತಾಲ್ಲೂಕು, ಐದು ವರ್ಷದ ಅಲೆದಾಟ. ಕೊನೆಗೆ ಪ್ರಬಂಧವನ್ನು ಕಳ್ಳತನ ಹಿಡಿಯುವ ಸಾಫ್ಟ್‌ವೇರಿಗೆ ಹಾಕಿದರೆ, ನಮ್ಮಜ್ಜಿ ಹೇಳಿದ ಮಾತುಗಳನ್ನೆಲ್ಲ ಕೆಂಪು ಬಣ್ಣದಲ್ಲಿ ಗುರುತಿಸಿ, ಇವು ಬೇರೆಯವರಿಂದ ಎತ್ತಿದವು ಎಂದಿತು. ಹೌದಪ್ಪಾ, ನಮ್ಮಜ್ಜಿಯಿಂದ ಎತ್ತಿದ್ದು! ಯಂತ್ರದ ಮುಂದೆ ಕೂಗಾಡಿ ಉಪಯೋಗವಿಲ್ಲ ಎಂದು ಅವತ್ತೇ ಗೊತ್ತಾಯಿತು. ಆದರೂ ಕೂಗಾಡುವುದನ್ನು ನಾನು ಬಿಟ್ಟಿಲ್ಲ.

ನಾನು ಜಯಮಾಲಾ. ಅಫಜಲಪುರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ವಾರವೆಲ್ಲ ಅಲ್ಲಿಯೇ ಬಳೆ ಅಂಗಡಿಯ ಪ್ಯಾರಿಬಿಯ ಮಾಳಿಗೆಯ ಮೇಲೊಂದು ಬಾಡಿಗೆ ಕೋಣೆ, ಶನಿವಾರ ಸಂಜೆ ಆಳಂದದ ಬಸ್ಸು. ಪ್ಯಾರಿಬಿಯೂ ನಮ್ಮ ಪೈಕಿಯೇ. ಅವಳು ಅಂಗಡಿ ಮುಚ್ಚುವುದಿಲ್ಲ, ‘ದುಕಾನ್ ಬಢಾತೂಂ’ ಎನ್ನುತ್ತಾಳೆ, ಅಂದರೆ ಅಂಗಡಿಯನ್ನು ಹೆಚ್ಚಿಸುತ್ತಾಳೆ. ಅದಕ್ಕೇ ನನ್ನ ಪ್ರಬಂಧದಲ್ಲಿ ಅವಳಿಗೆ ಎರಡು ಪುಟ.

ಕಾಲೇಜಿನ ಸಂಗತಿ ಹೇಳುವಂತಿಲ್ಲ, ಬಿಡುವಂತಿಲ್ಲ. ಮೊಬೈಲಿಗೆ ಮುಖ ತೋರಿಸಿ ಹಾಜರಿ ಹಾಕುವ ಆ್ಯಪ್ ಬಂದಿದೆ. ನೆಟ್‌ವರ್ಕ್ ಸಿಗುವುದು ನೀರಿನ ಟಾಕಿಯ ಕೆಳಗೆ ಮಾತ್ರ. ಹೀಗಾಗಿ ಬೆಳಿಗ್ಗೆ ನಾವೆಲ್ಲ ವಿದ್ವಾಂಸರು ಟಾಕಿಯ ಕೆಳಗೆ ಸಾಲಾಗಿ ನಿಂತು, ಮೊಬೈಲು ಮೇಲೆತ್ತಿ, ಕಣ್ಣು ಪಿಳುಕಿಸುತ್ತೇವೆ. ಯಂತ್ರ ‘ಕಣ್ಣು ಮಿಟುಕಿಸಿ’ ಎನ್ನುತ್ತದೆ, ಮಿಟುಕಿಸದೆ ಹಾಜರಿ ಕೊಡುವುದಿಲ್ಲ. ಹುಡುಗಿಯರು ವರಾಂಡದಲ್ಲಿ ನಿಂತು ಮುಸಿಮುಸಿ ನಗುತ್ತಾರೆ. ಆ ಹುಡುಗಿಯರಾದರೂ ಕಮ್ಮಿಯೇ? ಅಸೈನ್‌ಮೆಂಟನ್ನು ಎಐ ಕೈಯಲ್ಲಿ ಬರೆಸಿ ತರುತ್ತಾರೆ. ಮನೆಯಲ್ಲಿ ‘ಎಲ್ಲಿಗೆ ಹೊಂಟಿ ಬೇ’ ಎನ್ನುವ ಹುಡುಗಿ ಕಾಗದದ ಮೇಲೆ ‘ಒಟ್ಟಾರೆಯಾಗಿ ಅವಲೋಕಿಸಿದಾಗ’ ಎಂದು ಆರಂಭಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಧಮ್ಮಪಾಲನನ್ನು ನಾನು ಮೊದಲು ನೋಡಿದ್ದು ಆ ಟಾಕಿಯ ಕೆಳಗೆ. ಕಂಪ್ಯೂಟರ್ ವಿಭಾಗದ ಅತಿಥಿ ಉಪನ್ಯಾಸಕ. ಯಡ್ರಾಮಿ ಹತ್ತಿರದ ಹಳ್ಳಿಯವನು, ಜೇವರ್ಗಿಯಲ್ಲಿ ಕೋಣೆ ಮಾಡಿಕೊಂಡು ಘತ್ತರಗಿ ಬ್ರಿಜ್ ದಾಟಿ ಮೋಟಾರ್‌ಸೈಕಲ್ ಮೇಲೆ ಬರುತ್ತಿದ್ದ. ನಮ್ಮೆಲ್ಲರ ಮೊಬೈಲು ಇಸಿದುಕೊಂಡು, ಬೆಳಕಿನ ಕಡೆ ತಿರುಗಿಸಿ, ಯಂತ್ರಕ್ಕೆ ನಮ್ಮ ಮುಖ ಹೊಂದಿಸಿ ಕೊಡುತ್ತಿದ್ದವನು ಅವನೇ. ಅವನ ಮುಖಕ್ಕೆ ಮಾತ್ರ ಆ ಆ್ಯಪಿನಲ್ಲಿ ಜಾಗವಿರಲಿಲ್ಲ, ಅತಿಥಿಗಳ ಸಹಿ ಇನ್ನೂ ಹಳೆಯ ರಜಿಸ್ಟರಿನಲ್ಲಿ.

‘ನಿಮಗ ಸಿಟ್ಟು ಬರಂಗಿಲ್ಲೇನ್ರಿ ಸರ್?’ ಎಂದು ಕೇಳಿದ್ದೆ.

‘ಬರ್ತದ್ರಿ ಮೇಡಂ. ಆದ್ರ ನಿಮ್ಮಂಗ ಟಾಕಿ ಕೆಳಗ ಕಣ್ಣ ಹೊಡ್ಯೂದು ತಪ್ಪೇದಲ್ಲ, ಅದಕ್ಕ ಸುಮ್ಮಿದ್ದೇನಿ,’ ಎಂದಿದ್ದ.

ಅವತ್ತು ನಕ್ಕವಳು ಎರಡು ವರ್ಷ ನಗುತ್ತಲೇ ಇದ್ದೆ.

ನಮ್ಮಿಬ್ಬರನ್ನು ಒಂದು ಮೇಜಿಗೆ ಕೂರಿಸಿದ್ದು ಒಂದು ಯೋಜನೆ. ಈ ಭಾಗದ ಜನರ ಮಾತನ್ನು ಧ್ವನಿಮುದ್ರಿಸಿ, ಕೇಳಿ, ಅರ್ಥ ಗುರುತಿಸಿ, ಮಾತನಾಡುವ ಯಂತ್ರಕ್ಕೆ ಕಲಿಸಬೇಕು. ಬಾಯಿ ನನ್ನ ವಿಭಾಗ, ಯಂತ್ರ ಅವನದು. ಅವನ ಮೋಟಾರ್‌ಸೈಕಲ್ ಮೇಲೆ ಜಿಡಗಾಕ್ಕೆ ಹೋದೆವು, ಯಡ್ರಾಮಿಯ ಸಂತೆಗೆ ಹೋದೆವು, ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಯ ದರ್ಶನ ಮುಗಿಸಿ ನದಿ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂತ ಹೆಂಗಸರ ಮುಂದೆ ಮೊಬೈಲು ಹಿಡಿದೆವು. ಅವರು ನಮಗೆ ಮಾತನ್ನೂ ಕೊಟ್ಟರು, ರೊಟ್ಟಿ ಶೇಂಗಾ ಹಿಂಡಿಯನ್ನೂ ಕೊಟ್ಟರು. ಒಬ್ಬ ಮುದುಕಿ, ‘ಗಂಡ ಹೆಂಡ್ತಿ ಇಬ್ರೂ ನೌಕರೀನಾ?’ ಎಂದು ಕೇಳಿದಳು. ಅವನು ಕೆಮ್ಮಿದ. ನಾನು, ‘ಹೌದಬೇ’ ಎಂದೆ. ಯಾಕೆ ಹಾಗೆಂದೆನೋ, ನಾಲಿಗೆ ನನ್ನನ್ನು ಕೇಳಿ ಆಡಲಿಲ್ಲ.

ಯಂತ್ರಕ್ಕೆ ಮೊದಲ ಸಲ ‘ಮನ್ಯಾಗ ಎಣ್ಣಿ ಹೆಚ್ಚಾಗ್ಯದ’ ಎಂಬ ಮಾತು ಕೇಳಿಸಿದಾಗ ಅದು, ಎಣ್ಣೆಯ ದಾಸ್ತಾನು ವೃದ್ಧಿಯಾಗಿದೆ ಎಂದು ಅರ್ಥ ಹೇಳಿತು. ಧಮ್ಮಪಾಲ ಕುರ್ಚಿಯಿಂದ ಬೀಳುವಷ್ಟು ನಕ್ಕ. ಆಮೇಲೆ ಆ ಮಾತಿಗೆಂದೇ ಪರದೆಯ ಮೇಲೆ ಎರಡು ಗುಂಡಿ ಮಾಡಿದ. ಒಂದು ‘ಬೆಳೆಯಿತು’, ಇನ್ನೊಂದು ‘ತೀರಿತು’. ಮೂರನೆಯದು ‘ಗೊತ್ತಾಗಲಿಲ್ಲ’ ಎಂದೂ ಇಟ್ಟಿದ್ದ. ನಾನು ಹಠ ಹಿಡಿದು ಅದನ್ನು ತೆಗೆಸಿದೆ. ಗೊತ್ತಾಗಲಿಲ್ಲ ಅನ್ನುವುದಕ್ಕೆ ಸಂಶೋಧನೆ ಯಾಕೆ ಬೇಕು, ಕಟ್ಟೆಯ ಮೇಲೆ ಕೂತರೆ ಸಾಕು ಎಂದು ಭಾಷಣ ಬಿಗಿದೆ.

‘ಆಯ್ತ್ರಿ ತಾಯೀ, ತೆಗದೆ. ಮುಂದ ನೀವಾ ಅದನ್ನ ಹುಡುಕೀರಿ,’ ಎಂದ ಅವನು.

ಧ್ವನಿಗಳು ಸಾವಿರಗಟ್ಟಲೆ ಬಂದಾಗ ಒಂದು ವಿಚಿತ್ರ ಕಂಡಿತು. ಕೆಲವು ಓಣಿಗಳಲ್ಲಿ ಈ ಮಾತು ತೀರಿದ್ದಕ್ಕೆ ಬಳಕೆಯಾಗಿರಲೇ ಇಲ್ಲ. ಅಲ್ಲಿ ಹೆಚ್ಚಾಯಿತು ಅಂದರೆ ಹೆಚ್ಚಾಯಿತು, ಇಲ್ಲ ಅಂದರೆ ಇಲ್ಲ. ನನ್ನ ಪಿಎಚ್‌ಡಿಯಲ್ಲಿ ಇದರ ಸುಳಿವೇ ಇರಲಿಲ್ಲ. ಯಾಕಿದ್ದೀತು ಎಂದು ತಲೆ ಕೆರೆದುಕೊಳ್ಳುತ್ತಿದ್ದೆ. ಅವನು ಚಹಾ ಹೀರುತ್ತ ಹೇಳಿದ:

‘ಅದು ನಮ್ಮ ಓಣಿ ಮೇಡಂ. ನಮ್ಮವ್ವ ಹಿಟ್ಟ ತೀರ್ತು ಅಂದ್ರ ತೀರ್ತು ಅಂತಾಳ. ಇದ್ದೋರಿಗೆ ಇಲ್ಲ ಅನ್ನಾಕ ಅಂಜಿಕಿ. ನಮ್ಮನಿಗೆ ಲಕ್ಷ್ಮಿ ಬಂದಿದ್ರ ಅಲ್ಲೇನು ಸಿಟ್ಟಾಗಿ ಹೋಗಾಕ?’

ನಗುತ್ತಲೇ ಹೇಳಿದ. ಅವನ ಮನೆಯಲ್ಲಿ ಲಕ್ಷ್ಮಿಯ ಪಟವೂ ಇಲ್ಲ, ಬುದ್ಧನ ಪಟವಿದೆ, ಪಕ್ಕದಲ್ಲಿ ನೀಲಿ ಕೋಟಿನ ಬಾಬಾಸಾಹೇಬರ ಪಟ. ನಮ್ಮದು ಲಿಂಗವಂತರ ಮನೆ. ಈ ಮಾತನ್ನು ಅಲ್ಲಿಯವರೆಗೆ ನಾವಿಬ್ಬರೂ ಎತ್ತಿರಲಿಲ್ಲ. ಎತ್ತಿದ ಮೇಲೂ ಅವನು ಏನೂ ಆಗದವನ ಹಾಗೆ ಪರದೆಯ ಕಡೆ ತಿರುಗಿ, ಧ್ವನಿ ಕೇಳಿ ಅರ್ಥ ಗುರುತಿಸುವವರಿಗೆ ಒಂದು ನಿಯಮ ಬರೆದ: ಮಾತನಾಡುವವರು ಯಾವ ಮನೆಯವರೋ ಆ ಮನೆಯ ಅರ್ಥವನ್ನೇ ಹಿಡಿಯಬೇಕು.

ಆದರೆ ಮಾತಿಗೆ ಅಂಟು ಬೇಗ. ಒಂದೇ ವರ್ಷದಲ್ಲಿ ಅವನು ನಮ್ಮ ಮನೆಯ ಮಾತು ಕಲಿತ. ‘ಮೇಡಂ, ಪೆಟ್ರೋಲ್ ಹೆಚ್ಚಾಗ್ಯದ, ನೂಕ್ರಿ’ ಎನ್ನುವನು. ‘ಪಗಾರ ಹೆಚ್ಚಾಗ್ಯದ, ಚಹಾ ನೀವಾ ಕುಡಸ್ರಿ’ ಎನ್ನುವನು. ಅವನ ಬಾಯಲ್ಲಿ ಅದು ಬರೀ ಚೇಷ್ಟೆ, ಅವನ ಚೇಷ್ಟೆಯೆಂದರೆ ನನಗೆ ಪ್ರಾಣ. ನಾನು ಅವನನ್ನು ಪ್ರೀತಿಸಿದೆ. ಇದನ್ನು ಶುಭದ ಮಾತಿನಿಂದಲೂ ಅಶುಭದ ಮಾತಿನಿಂದಲೂ ಮುಚ್ಚಬೇಕಾಗಿಲ್ಲ.

ಮದುವೆಯ ಮಾತು ಅವನೇ ಎತ್ತಿದ. ‘ಕದ್ದು ಮಾಡ್ಕೊಳ್ಳೂದು ಬ್ಯಾಡ. ನಿಮ್ಮ ಅಪ್ಪಾರ ಮುಂದ ಕುಂತು ಕೇಳ್ತೇನಿ. ಇಲ್ಲ ಅಂದ್ರ ಆವಾಗ ನೋಡೂಣು,’ ಎಂದ. ನನಗೆ ಭರವಸೆ ಇತ್ತು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಮ್ಮಪ್ಪ ಶಿವರಾಯ ಆಳಂದದಲ್ಲಿ ಬೇಳೆಕಾಳಿನ ವ್ಯಾಪಾರಿ, ಆದರೆ ಪ್ರತಿ ಶರಣರ ಜಯಂತಿಗೂ ವೇದಿಕೆ ಅವನದೇ. ಕಲ್ಯಾಣದಲ್ಲಿ ಶರಣರು ಜಾತಿ ಮುರಿದು ಮದುವೆ ಮಾಡಿಸಿ ಅದಕ್ಕಾಗಿ ತಲೆ ಕೊಟ್ಟ ಕತೆ ಹೇಳುವಾಗ ಅಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಾನೆ. ಸಣ್ಣವಳಿದ್ದಾಗ ಮುಂದಿನ ಸಾಲಿನಲ್ಲಿ ಕೂತು ನಾನೂ ಅತ್ತಿದ್ದೇನೆ.

ಶ್ರಾವಣದ ಒಂದು ಭಾನುವಾರ ಧಮ್ಮಪಾಲ ಬಸ್ಸಿನಲ್ಲಿ ನಮ್ಮ ಮನೆಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಾಳೆಹಣ್ಣು. ಅಪ್ಪ ಎದ್ದು ನಿಂತು ಕೈ ಮುಗಿದ, ‘ಬರ್ರಿ ಸರ್, ಕುಂಡ್ರಿ,’ ಎಂದ. ಕುರ್ಚಿ ಹಾಕಿಸಿದ. ಯಂತ್ರ, ಯೋಜನೆ, ಭೀಮಾ ನದಿಗೆ ಬಂದ ನೀರು, ತೊಗರಿಯ ಬೆಳೆ, ಎಲ್ಲ ಮಾತನಾಡಿದ. ಧಮ್ಮಪಾಲ ನೆಟ್ಟಗೆ ಕೂತು ತಾನು ಬಂದ ಕಾರಣ ಹೇಳಿದ. ಅಪ್ಪ ಸಿಟ್ಟಾಗಲಿಲ್ಲ. ‘ಶಾಣ್ಯಾ ಇದ್ದೀರಿ, ಸಂತೋಷ ಆತು,’ ಎಂದು ಒಳಗೆ ಮುಖ ಮಾಡಿ, ‘ಚಹಾ ತಾ ಬೇ,’ ಎಂದ.

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು, ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು:

‘ಚಹಾಪುಡಿ ಹೆಚ್ಚಾಗ್ಯದ್ರಿ.’

ಆ ಹಿಂದಿನ ದಿನವೇ ಒಂದು ಕಿಲೋ ಪಾಕೀಟು ನಾನೇ ಬಿಚ್ಚಿ ಡಬ್ಬಿಗೆ ಸುರಿದಿದ್ದೆ. ಅಡುಗೆಮನೆಯಲ್ಲಿ ಆ ಡಬ್ಬಿ ನನಗೆ ಕಾಣುತ್ತಿತ್ತು. ಅಪ್ಪ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಎದ್ದ. ‘ಬರ್ರಿ ಸರ್, ಹೋಟೆಲಿನ್ಯಾಗ ಚಲೋ ಚಹಾ ಸಿಗ್ತದ, ಅಲ್ಲೇ ಕುಡ್ಯೂಣು,’ ಎಂದ. ನಾನು ಡಬ್ಬಿ ತಂದು ನಡುಮನೆಯಲ್ಲಿ ಕುಕ್ಕಿದೆ. ‘ಇದೇನವ್ವಾ ಇದು?’ ಎಂದು ಚೀರಿದೆ. ಮುಚ್ಚಳ ಹಾರಿ ಪುಡಿ ನೆಲದ ಮೇಲೆಲ್ಲ ಚೆಲ್ಲಿತು. ಅಪ್ಪ ಅದನ್ನು ದಾಟಿ ಚಪ್ಪಲಿ ಹಾಕಿಕೊಂಡ. ಧಮ್ಮಪಾಲ ಬಾಗಿ ಮುಚ್ಚಳ ಎತ್ತಿ ನನ್ನ ಕೈಗೆ ಕೊಟ್ಟು, ‘ಇರ್ಲಿ ಬಿಡ್ರಿ ಮೇಡಂ,’ ಎಂದು ಅಪ್ಪನ ಹಿಂದೆ ನಡೆದ.

ಹೋಟೆಲಿನಲ್ಲಿ ಅಪ್ಪ ಅವನಿಗೆ ಸ್ಪೆಷಲ್ ಚಹಾ ಕುಡಿಸಿ, ಬಸ್‌ಸ್ಟ್ಯಾಂಡಿನವರೆಗೆ ಬಂದು, ಕೈ ಕುಲುಕಿ ಕಳಿಸಿದನಂತೆ. ಮಗಳ ಮಾತು ಬರಲೇ ಇಲ್ಲವಂತೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಅಪ್ಪನ ಮುಖಕ್ಕೇ ಅಂದೆ. ಇನ್ನೂ ಏನೇನೋ ಅಂದೆ. ಅವನು ಪೇಪರು ಓದುತ್ತ ಕೂತಿದ್ದ.

ಸೋಮವಾರ ಕಾಲೇಜಿನಲ್ಲಿ ಧಮ್ಮಪಾಲನನ್ನು ಹಿಡಿದು, ‘ನಡಿ, ರಿಜಿಸ್ಟರ್ ಆಫೀಸಿಗೆ ಹೋಗೂಣು. ನನಗ ಅವರ ಒಪ್ಪಿಗಿ ಬ್ಯಾಡ,’ ಎಂದೆ.

ಅವನು ಮೌಸನ್ನು ಪಕ್ಕಕ್ಕೆ ಸರಿಸಿದ. ‘ಇಲ್ಲ ಅಂದಿದ್ರ ಜಗಳಾಡಬಹುದಿತ್ತು ಮಾಲಾ. ನಿಮ್ಮ ಮನ್ಯಾಗ ಯಾರೂ ಇಲ್ಲ ಅನ್ನಲೇ ಇಲ್ಲ. ಯಾರ ಕೂಡ ಜಗಳಾಡ್ಲಿ?’ ಎಂದ. ಆಮೇಲೆ, ‘ಒಂದು ವಾರ ಕೊಡು. ಅವ್ವಗ ಹೇಳ್ತೇನಿ,’ ಎಂದ. ಅವನು ನನ್ನನ್ನು ಮೇಡಂ ಎನ್ನದೆ ಕರೆದದ್ದು ಅವತ್ತೇ ಮೊದಲು.

ವಾರ ಮುಗಿಯುವ ಮೊದಲೇ ಅವನ ತಾಯಿ ಬಂದಳು. ಮಾನ್ಯತೆಯ ಸಮಿತಿ ಬರುತ್ತದೆಂದು ಕಾಲೇಜಿಗೆಲ್ಲ ಸುಣ್ಣ ಬಳಿಯುತ್ತಿದ್ದ ದಿನ. ಕುಂಡಗಳಿಗೆ ಕೆಮ್ಮಣ್ಣು ಹಚ್ಚುತ್ತಿದ್ದವರನ್ನು ದಾಟಿಕೊಂಡು ಬಂದು, ಬೇವಿನ ಕಟ್ಟೆಯ ಮೇಲೆ ಕೂತು ನನ್ನನ್ನು ಕರೆಸಿದಳು. ಹೆಸರು ಮಲ್ಕಮ್ಮ. ಕಣ್ಣು ಥೇಟ್ ಮಗನದೇ.

‘ನಿಮ್ಮ ಅಪ್ಪಾರು ನನ್ನ ಮಗಗ ಚಹಾ ಕುಡಸಿದ್ರಂತ. ಬಸ್‌ಸ್ಟ್ಯಾಂಡಿನ ತನಾ ಬಂದ್ರಂತ,’ ಎಂದಳು. ‘ಬೈಯೋರಿಗೆ ನಾ ಅಂಜೂದಿಲ್ಲ ಯವ್ವಾ. ಇಂಥ ಚಲೋ ಮಂದಿಗೆ ಅಂಜತೇನಿ.’

‘ನಾ ನಿಮ್ಮನಿಗೆ ಬರ್ತೇನ್ರಿ. ಎಲ್ಲಾ ಬಿಟ್ಟು ಬರ್ತೇನಿ,’ ಎಂದೆ.

‘ನೀ ಬರ್ತಿ. ನಿನ್ನ ಹಿಂದ ಯಾರ್ಯಾರು ಬರ್ತಾರ, ಅದು ನಿನಗ ಗೊತ್ತದೇನು? ನಿನ್ನ ಎಳಕೊಂಡು ಹೋಗಿ ಮನ್ಯಾಗ ಕುಂಡ್ರಸ್ತಾರ, ನೀ ಜೀವಂತ ಇರ್ತಿ. ನನ್ನ ಮಗ ಯಾವ ತೊಗರಿ ಹೊಲದಾಗ ಸಿಗ್ತಾನೋ ಅದನ್ನ ನಾ ಹುಡುಕ್ಬೇಕು.’

ನಮ್ಮಪ್ಪ ಅಂಥವನಲ್ಲ ಎಂದು ಹೇಳಲು ಬಾಯಿ ತೆರೆದೆ. ನೆಲದ ಮೇಲೆ ಚೆಲ್ಲಿದ ಪುಡಿಯನ್ನು ದಾಟಿ ಹೋದ ಅವನ ಕಾಲು ಕಣ್ಣಿಗೆ ಬಂತು. ಅಪ್ಪ ಅಂಥವನಲ್ಲದಿರಬಹುದು, ಅವನ ಅಣ್ಣತಮ್ಮಂದಿರ ಮಕ್ಕಳ ಬಗ್ಗೆ ನಾನು ಆಣೆ ಮಾಡಲಾರೆ.

ಮಲ್ಕಮ್ಮ ನನ್ನ ಕೈ ಹಿಡಿದಳು. ಒರಟು ಕೈ, ಬೆಚ್ಚಗಿತ್ತು. ‘ನೀ ಕೆಟ್ಟ ಹುಡುಗಿ ಅಲ್ಲ. ಅಂವ ನಿನ್ನ ಹೆಸರು ತಗೊಂಡಾಗ ಅವನ ಮಾರಿ ನೋಡೇನಿ. ಆದ್ರ ನನಗ ಇರಾಂವ ಒಬ್ಬಾನಾ ಮಗ. ನಾ ಕೊಡಂಗಿಲ್ಲ ಯವ್ವಾ. ಇಲ್ಲ ಅಂದ್ರ ಇಲ್ಲ.’

ನನಗೆ ಈ ಇಡೀ ವ್ಯವಹಾರದಲ್ಲಿ ಇಲ್ಲ ಎಂದವಳು ಅವಳೊಬ್ಬಳೇ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಸುಣ್ಣ ಬಳಿಯುವವರು ಕೆಲಸ ನಿಲ್ಲಿಸಿ ನೋಡಿದರು, ನೋಡಿಕೊಳ್ಳಲಿ.

ಧಮ್ಮಪಾಲ ಮತ್ತೆ ಕಾಲೇಜಿಗೆ ಬರಲಿಲ್ಲ. ಸೆಮಿಸ್ಟರ್ ಮುಗಿದಿತ್ತು, ಅತಿಥಿಗಳ ಹೊಸ ಪಟ್ಟಿಗೆ ಅವನು ಅರ್ಜಿಯೇ ಹಾಕಿರಲಿಲ್ಲ. ರಾಯಚೂರಿನ ಆಚೆ ಎಲ್ಲೋ ಕೆಲಸ ಸಿಕ್ಕಿದೆ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದರು. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಒಂದು ದಿನ ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಹೆಣ್ಣು ಯಂತ್ರವೊಂದು ಶುದ್ಧ ಕನ್ನಡದಲ್ಲಿ ತಿಳಿಸಿತು. ಟಾಕಿಯ ಕೆಳಗೆ ಈಗ ನಾವು ನಮ್ಮ ನಮ್ಮ ಮುಖಗಳನ್ನು ನಾವೇ ಹೊಂದಿಸಿಕೊಳ್ಳುತ್ತೇವೆ. ಅತ್ತು ಊದಿದ ನನ್ನ ಮುಖವನ್ನು ಆ ಆ್ಯಪ್ ಎರಡು ದಿನ ಗುರುತಿಸಲಿಲ್ಲ, ಗೈರುಹಾಜರಿ ಹಾಕಿತು.

ಯೋಜನೆಯ ಕೆಲಸ ಮಾತ್ರ ಮುಗಿಸಲೇಬೇಕಿತ್ತು. ದೀಪಾವಳಿಯ ಸೂಟಿಗೆ ಆಳಂದಕ್ಕೆ ಬಂದು, ಅಪ್ಪನ ಜೊತೆ ಮಾತಿಲ್ಲದೆ, ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಉಳಿದ ಧ್ವನಿಗಳನ್ನು ಕೇಳುತ್ತ ಕೂತೆ. ನಾವು ಕಲಿಸಿದ ಯಂತ್ರ ಈಗ ಜಾಣವಾಗಿದೆ. ತಾನೇ ಮೊದಲು ಅರ್ಥ ಊಹಿಸುತ್ತದೆ, ನಾನು ಸರಿ ಎನ್ನಬೇಕು, ಇಲ್ಲವೇ ತಿದ್ದಬೇಕು. ತಿದ್ದುವಂಥದ್ದು ಬಹಳ ಇರಲಿಲ್ಲ.

ಪಟ್ಟಿಯ ಕೊನೆಯ ಧ್ವನಿ. ಹೆಸರಿಲ್ಲ. ಪುರುಷ, ಮೂವತ್ತರಿಂದ ನಲವತ್ತು, ಜೇವರ್ಗಿ ಕಡೆಯವರು ಎಂದಿತ್ತು. ಒತ್ತಿದೆ. ಮೊದಲು ನೀರಿನ ಸದ್ದು, ಬ್ರಿಜ್ ಕೆಳಗೆ ಭೀಮಾ ಭೋರ್ಗರೆಯುವ ಸದ್ದು. ಆಮೇಲೆ ಒಂದು ಕೆಮ್ಮು. ಧಮ್ಮಪಾಲನ ಕೆಮ್ಮು.

‘ಮೇಡಂ, ನಾ ಹೇಳೂದು ಇಷ್ಟಾ. ಪ್ರೀತಿ ಹೆಚ್ಚಾಗ್ಯದ.’

ಅಷ್ಟೇ. ಮುಂದೆ ಮತ್ತೆ ನೀರಿನ ಸದ್ದು.

ಪರದೆಯ ಮೇಲೆ ಅವನು ಮಾಡಿದ ಅವೇ ಎರಡು ಗುಂಡಿ. ಯಂತ್ರ ಒಂದರ ಸುತ್ತ ಹಸಿರು ಗೆರೆ ಎಳೆದು ತನ್ನ ಊಹೆ ತೋರಿಸಿತ್ತು: ‘ತೀರಿತು’. ತಪ್ಪು ಅದರದ್ದಲ್ಲ. ಇದನ್ನೇ ಕಲಿ ಎಂದು ಎರಡು ವರ್ಷ ಅದರ ಕಿವಿ ಹಿಂಡಿದವರು ನಾವಿಬ್ಬರೇ.

ಅವನ ನಿಯಮದ ಪ್ರಕಾರ ಅವನು ತನ್ನ ಮನೆಯ ಮಾತು ಆಡಿದ್ದರೆ, ಬೆಳೆಯಿತು. ಅವನ ಮನೆಯಲ್ಲಿ ಹೆಚ್ಚಾಯಿತು ಅಂದರೆ ಹೆಚ್ಚಾಯಿತು. ಆದರೆ ನನ್ನ ಮುಂದೆ ಅವನು ಯಾವತ್ತೂ ಆ ಮಾತನ್ನು ತನ್ನ ಮನೆಯ ಅರ್ಥದಲ್ಲಿ ಆಡಿರಲಿಲ್ಲ. ಪೆಟ್ರೋಲು ಹೆಚ್ಚಾದಾಗ ಗಾಡಿ ನಿಂತಿತ್ತು. ಪಗಾರ ಹೆಚ್ಚಾದಾಗ ಕಿಸೆ ಬರಿದಾಗಿತ್ತು. ನಮ್ಮ ಮನೆಯ ಮಾತಿನಲ್ಲಿ, ನಮ್ಮವ್ವ ಅವನಿಗೆ ಹೇಳಿದ ಹಾಗೆಯೇ, ನನಗೂ ಹೇಳಿ ಹೋದನೇ? ಅಥವಾ ನಮ್ಮ ಮನೆಯ ಸುಳ್ಳನ್ನು ಪಕ್ಕಕ್ಕಿಟ್ಟು, ಒಂದೇ ಒಂದು ಸಲ, ತನ್ನವ್ವನ ಹಾಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದನೇ? ಮತ್ತೆ ಕೇಳಿದೆ. ದನಿ ಏರಿದೆಯೋ ಇಳಿದಿದೆಯೋ ಎಂದು ಮತ್ತೆ ಮತ್ತೆ ಕೇಳಿದೆ. ಮೂರು ತಾಲ್ಲೂಕಿನ ಜನರ ಬಾಯೊಳಗೆ ಈ ಮಾತಿನ ಅರ್ಥ ಹುಡುಕಿದವಳು ನಾನು, ನನ್ನವನ ಬಾಯೊಳಗೆ ಹುಡುಕಲಾರದೆ ಹೋದೆ. ಗೊತ್ತಾಗಲಿಲ್ಲ ಎಂಬ ಗುಂಡಿಗಾಗಿ ಪರದೆಯ ಮೂಲೆ ಮೂಲೆ ನೋಡಿದೆ. ಅದನ್ನು ನಾನೇ ತೆಗೆಸಿದ್ದೆ.

ಎರಡರಲ್ಲಿ ಯಾವುದನ್ನು ಒತ್ತಿದರೂ ಅವನು ಬ್ರಿಜ್ ದಾಟಿ ಬರುವುದಿಲ್ಲ. ಇದು ಗೊತ್ತಿದ್ದೂ ನನ್ನ ಬೆರಳು ಏಳಲಿಲ್ಲ. ಬಾಕಿ ಒಂದು, ಬಾಕಿ ಒಂದು ಎಂದು ಪರದೆ ಮಿನುಗುತ್ತಿತ್ತು.

ಮುಸ್ಸಂಜೆಯಾಗಿತ್ತು. ಅವ್ವ ಜಗುಲಿಯ ಮೇಲೆ ದೀಪ ಹಚ್ಚಿ ಅಡುಗೆಮನೆಗೆ ಹೋದಳು. ಡಬ್ಬಿಯ ಸದ್ದು ಕೇಳಿಸಿತು. ಆಮೇಲೆ ಅವಳ ದನಿ:

‘ಮಾಲಾ, ಉಪ್ಪು ಹೆಚ್ಚಾಗ್ಯದ ಬೇ. ದುಕಾನಕ್ಕ ಹೋಗಿ ಬಾ.’

ನಾನು ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವ್ವನ ಕೈಯಲ್ಲಿ ಖಾಲಿ ಡಬ್ಬಿ ಇತ್ತು.

‘ತೀರ್ತು ಅನ್ನವ್ವಾ,’ ಎಂದೆ. ‘ಒಂದ್ ಸಲ ತೀರ್ತು ಅನ್ನು. ನಾ ಅಳತೇನಿ, ಮುಗೀತದ.’

ಅವ್ವ ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು. ಅವಳ ಕಣ್ಣು ತುಂಬಿ ಬಂತು, ತುಟಿ ಅಲುಗಿತು. ಡಬ್ಬಿಯನ್ನು ಎದೆಗವಚಿಕೊಂಡು ಗೋಡೆಯ ಕಡೆ ತಿರುಗಿದಳು.

‘ದೀಪ ಹಚ್ಚಿದ ಹೊತ್ತಿನ್ಯಾಗ ಹಂಗ ಅನಬಾರದು ಬೇ,’ ಎಂದಳು.